ಮುಗಿಯದ ಧಾರಾವಾಹಿ: ಮನೆಗೆ ದುಡಿಯುವ ಮಗಳ ಮದುವೆ ಯಾಕೆ ಮುಂದಕ್ಕೆ ಹೋಗುತ್ತದೆ?

ತಮಿಳಿನಲ್ಲಿ ‘ತೊಡರ್ ಕಥೈ’ ಅಂದರೆ ವಾರಪತ್ರಿಕೆಯ ಧಾರಾವಾಹಿ. ‘ಕುಮುದಂ’, ‘ಆನಂದ ವಿಕಟನ್’ ಮನೆಗೆ ಬಂದ ದಿನ ಯಾರು ಮೊದಲು ಓದಬೇಕು ಅಂತ ಜಗಳ ಆಗುತ್ತಿದ್ದ ಕಾಲವದು. ನಮ್ಮಲ್ಲಿ ‘ಸುಧಾ’, ‘ಪ್ರಜಾಮತ’ಕ್ಕೆ ಆಗುತ್ತಿತ್ತಲ್ಲ, ಹಾಗೆ. ಕಥೆ ಇನ್ನೇನು ಒಂದು ದಡ ಸೇರುತ್ತದೆ ಅನ್ನುವಷ್ಟರಲ್ಲಿ ಪುಟದ ಕೊನೆಗೆ ‘ಮುಂದುವರಿಯುವುದು’ ಅಂತ ಬಂದುಬಿಡುತ್ತಿತ್ತು.

1974ರ ದೀಪಾವಳಿಗೆ, ನವೆಂಬರ್ 13ರಂದು, ತಮಿಳು ನಿರ್ದೇಶಕ ಕೆ. ಬಾಲಚಂದರ್ ಒಂದು ಕಪ್ಪು ಬಿಳುಪು ಸಿನಿಮಾ ಬಿಡುಗಡೆ ಮಾಡಿದರು. ಹೆಸರು ‘ಅವಳ್ ಒರು ತೊಡರ್ ಕಥೈ’. ಅಂದರೆ, ಅವಳೇ ಒಂದು ಧಾರಾವಾಹಿ. ಆ ಹೊತ್ತಿಗೆ ತಮಿಳು ಸಿನಿಮಾಗೆ ಬಣ್ಣ ಬಂದು ವರ್ಷಗಳಾಗಿದ್ದವು. ಇದರಲ್ಲಿ ಬಣ್ಣ ಇರಲಿಲ್ಲ, ದೊಡ್ಡ ಹೀರೋ ಇರಲಿಲ್ಲ. ಮುಖ್ಯ ಪಾತ್ರದ ಸುಜಾತಾಗೆ ಇದೇ ಮೊದಲ ತಮಿಳು ಸಿನಿಮಾ. ಶ್ರೀಲಂಕಾದ ಗಾಲೆಯಲ್ಲಿ ಹುಟ್ಟಿದ ಮಲಯಾಳಿ ಹುಡುಗಿ, ಮಲಯಾಳಂ ಸಿನಿಮಾಗಳಲ್ಲಿ ನಟಿಸುತ್ತಿದ್ದವರು. ವಯಸ್ಸು ಇನ್ನೂ 22 ತುಂಬಿರಲಿಲ್ಲ.

ಈ ಸಿನಿಮಾವನ್ನು ಎಲ್ಲರೂ ‘ತ್ಯಾಗದ ಕಥೆ’ ಅಂತಲೇ ಪರಿಚಯ ಮಾಡಿಕೊಡುತ್ತಾರೆ. ಪ್ರೀತಿಗೂ ಕರ್ತವ್ಯಕ್ಕೂ ನಡುವೆ ಸಿಕ್ಕಿಬಿದ್ದ ಹೆಣ್ಣು ಅಂತ. ನಂಗೆ ಮಾತ್ರ ಅದು ಯಾವತ್ತೂ ಸಂಬಳದ ಕಥೆಯಾಗಿಯೇ ಕಂಡಿದೆ. ತಿಂಗಳ ಮೊದಲ ದಿನ ಒಂದು ಲಕೋಟೆ ಮನೆಗೆ ಬರುತ್ತದೆ. ಅದನ್ನು ನಂಬಿ ಇಷ್ಟು ಹೊಟ್ಟೆಗಳಿವೆ. ಲಕೋಟೆ ತರುವವಳ ಕುತ್ತಿಗೆಗೆ ತಾಳಿ ಬಿದ್ದರೆ ಲಕೋಟೆ ಯಾರ ಮನೆಗೆ ಹೋಗಬೇಕು? ಇಡೀ ಕಥೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಈ ಪ್ರಶ್ನೆಗೆ ಸಿನಿಮಾಗಿಂತ ಹಳೆಯ ಚರಿತ್ರೆ ಇದೆ. ಸಿನಿಮಾ ಮುಗಿದ ಮೇಲೂ ಅದು ಕಾನೂನಿನ ಪುಸ್ತಕದಲ್ಲಿ, ಸರ್ಕಾರಿ ನೇಮಕದ ನಿಯಮದಲ್ಲಿ, ಗಾರ್ಮೆಂಟ್ಸ್ ಗೇಟಿನ ಮುಂದೆ ನಡೆಯುತ್ತಲೇ ಬಂದಿದೆ.

ಮೊದಲು ಆ ಮನೆ ನೋಡೋಣ. ಕವಿತಾ ಆಫೀಸಿಗೆ ಹೋಗಿ ದುಡಿಯುವ ಹುಡುಗಿ. ಅಪ್ಪ ಸಂಸಾರ ಬಿಟ್ಟು ತೀರ್ಥಯಾತ್ರೆ ಅಂತ ಹೊರಟುಹೋಗಿದ್ದಾನೆ. ಅಣ್ಣ ಮೂರ್ತಿಗೆ ಕೆಲಸ ಇಲ್ಲ, ಕುಡಿತ ಇದೆ, ಹೆಂಡತಿ ಮಕ್ಕಳೂ ಇದ್ದಾರೆ. ಒಬ್ಬ ತಂಗಿ ವಿಧವೆಯಾಗಿ ಮನೆಗೆ ವಾಪಸ್ ಬಂದಿದ್ದಾಳೆ. ಇನ್ನೊಬ್ಬಳಿಗೆ ಮದುವೆ ಆಗಬೇಕು. ಕಣ್ಣು ಕಾಣದ ತಮ್ಮ ಒಬ್ಬ. ಅಮ್ಮ. ಇಷ್ಟೂ ಜನಕ್ಕೆ ಒಂದೇ ಸಂಬಳ. ಕವಿತಾಳನ್ನು ಬಹಳ ದಿನದಿಂದ ಇಷ್ಟಪಡುವ ತಿಲಕ್ ಮದುವೆಗೆ ಕಾಯುತ್ತಿದ್ದಾನೆ. ಅವಳು ಇವತ್ತು ನಾಳೆ ಅಂತ ಮುಂದಕ್ಕೆ ಹಾಕುತ್ತಾಳೆ. ಕಾದು ಕಾದು ಅವನ ಕಣ್ಣು ಆ ವಿಧವೆ ತಂಗಿಯ ಕಡೆ ಹೊರಳುತ್ತದೆ. ಅವನು ತಂಗಿಗೆ ಬರೆದ ಪತ್ರ ಅಕ್ಕನ ಕೈಗೆ ಸಿಗುತ್ತದೆ. ಅವಳೇ ಮುಂದೆ ನಿಂತು ಇಬ್ಬರ ಮದುವೆ ಮಾಡಿಸುತ್ತಾಳೆ.

ಇಲ್ಲಿ ಒಂದು ಮಾತು ಹೇಳಬೇಕು. ವಿಧವೆಯ ಮರುಮದುವೆಗೆ ಈ ದೇಶದಲ್ಲಿ 1856ರಲ್ಲೇ ಕಾನೂನು ಬಂದಿತ್ತು. ನೂರು ವರ್ಷ ಕಳೆದ ಮೇಲೂ ಸಿನಿಮಾದವರು ವಿಧವೆಗೆ ಮತ್ತೆ ತಾಳಿ ಕಟ್ಟಿಸಲು ಹಿಂದೆ ಮುಂದೆ ನೋಡುತ್ತಿದ್ದರು. ಬಾಲಚಂದರ್ ವಿಧವೆಗೆ ಮದುವೆ ಮಾಡಿಸಿದರು, ದುಡಿಯುವವಳಿಗೆ ಮಾಡಿಸಲಿಲ್ಲ. ವಿಧವೆ ಮದುವೆಯಾಗಿ ಹೋದರೆ ಮನೆಗೆ ಒಂದು ಊಟದ ಎಲೆ ಕಡಿಮೆ. ಕವಿತಾ ಹೋದರೆ ಮನೆಯ ಒಲೆಯೇ ಹೊತ್ತುವುದಿಲ್ಲ. ಲೆಕ್ಕ ಅಷ್ಟು ಸರಳ.

ಕೊನೆಗೆ ಅಣ್ಣನಿಗೆ ಬುದ್ಧಿ ಬರುತ್ತದೆ. ಮನೆ ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಕವಿತಾ ತನ್ನ ಬಾಸ್ ಜತೆ ಮದುವೆಗೆ ಒಪ್ಪುತ್ತಾಳೆ. ಮದುವೆಯ ದಿನ, ಅದೇ ಛತ್ರದಲ್ಲಿ, ಅಣ್ಣನ ಕೊಲೆಯಾಗುತ್ತದೆ. ಕೊನೆಯ ದೃಶ್ಯದಲ್ಲಿ ಅವಳು ಅದೇ ಗಂಟು ಮುಖ ಹಾಕಿಕೊಂಡು ಮತ್ತೆ ಕೆಲಸಕ್ಕೆ ಹೊರಟಿರುತ್ತಾಳೆ. ಮುಂದುವರಿಯುವುದು.

ಆ ಗಂಟು ಮುಖವೇ ಈ ಸಿನಿಮಾದ ದೊಡ್ಡ ಸಂಗತಿ. ಅದಕ್ಕೂ ಮೊದಲು ತಮಿಳು ತೆರೆಯ ಮೇಲೆ ಮನೆಗಾಗಿ ಪ್ರೀತಿ ಬಿಟ್ಟುಕೊಟ್ಟವರೆಲ್ಲ ಕಣ್ಣೀರು ಒರೆಸಿಕೊಂಡು ನಗುವವರೇ. 1959ರ ‘ಕಲ್ಯಾಣ ಪರಿಸು’ ನೋಡಿ. ಅದು ಸಿ. ವಿ. ಶ್ರೀಧರ್ ನಿರ್ದೇಶಿಸಿದ ಮೊದಲ ಸಿನಿಮಾ. ಅಕ್ಕ ತಂಗಿ ಇಬ್ಬರಿಗೂ ಒಬ್ಬನ ಮೇಲೇ ಮನಸ್ಸು. ಅಕ್ಕನಿಗೂ ಅವನೇ ಇಷ್ಟ ಅಂತ ಗೊತ್ತಾದಾಗ ತಂಗಿ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಾಳೆ. ಆ ತಂಗಿಯ ಪಾತ್ರ ಮಾಡಿದ್ದು ನಮ್ಮ ಬೆಂಗಳೂರಿನ ಬಿ. ಸರೋಜಾದೇವಿ. ಕೊನೆಗೆ ಅಕ್ಕ ಸಾಯುತ್ತಾಳೆ. ಅವನು ಹುಡುಕಿಕೊಂಡು ಬರುವಷ್ಟರಲ್ಲಿ ತಂಗಿಗೆ ಬೇರೆ ಮದುವೆ ಆಗಿರುತ್ತದೆ. ತನ್ನ ಮಗುವನ್ನೇ ಮದುವೆ ಉಡುಗೊರೆಯಾಗಿ ಕೊಟ್ಟು ಹೋಗಿಬಿಡುತ್ತಾನೆ. ಎರಡು ವರ್ಷ ಕಳೆದು ಬಂದ ‘ಪಾಸಮಲರ್’ನಲ್ಲಿ ಶಿವಾಜಿ ಗಣೇಶನ್ ಮತ್ತು ಸಾವಿತ್ರಿ ಅಣ್ಣ ತಂಗಿಯಾಗಿ ಇಡೀ ತಮಿಳುನಾಡನ್ನು ಅಳಿಸಿದರು. ಇವೆಲ್ಲದರಲ್ಲೂ ಬಿಟ್ಟುಕೊಡುವವರು ಬಿಟ್ಟುಕೊಡುವುದು ಮನಸ್ಸಿನ ಒಂದು ಆಸೆಯನ್ನು. ಮನೆಯ ಅಕ್ಕಿ ಬೇಳೆ ಅದರ ಮೇಲೆ ನಿಂತಿರುವುದಿಲ್ಲ.

ಅಕ್ಕಿ ಬೇಳೆಯ ವಿಷಯ ಬಂದಿದ್ದು ಬಂಗಾಳದಲ್ಲಿ. 1960ರಲ್ಲಿ ಋತ್ವಿಕ್ ಘಟಕ್ ‘ಮೇಘೇ ಢಾಕಾ ತಾರಾ’ ಮಾಡಿದರು. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಓಡಿಬಂದ ಸಂಸಾರ, ಕಲ್ಕತ್ತದ ಹೊರವಲಯದ ನಿರಾಶ್ರಿತರ ಕಾಲೊನಿ. ದುಡಿಯುವ ಮಗಳು ನೀತಾ. ಶುರುವಿನಲ್ಲೇ ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಗುತ್ತದೆ. ಹೊಸದು ಕೊಳ್ಳಲು ಅವಳ ಹತ್ತಿರ ದುಡ್ಡು ಉಳಿಯುವುದಿಲ್ಲ. ಮನೆಯಲ್ಲಿ ಪ್ರತಿಯೊಬ್ಬರಿಗೂ ಏನಾದರೂ ಒಂದು ಬೇಕು. ಅವಳು ಪ್ರೀತಿಸಿದವನು ಇಲ್ಲೂ ತಂಗಿಯನ್ನೇ ಮದುವೆಯಾಗುತ್ತಾನೆ. ನೀತಾಗೆ ಕ್ಷಯ ಬರುತ್ತದೆ. ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ‘ಅಣ್ಣಾ, ನಾನು ಬದುಕಬೇಕು ಅಂತಿದ್ದೆ’ ಅಂತ ಅವಳು ಕೂಗುವುದನ್ನು ಕೇಳಿದವರು ಸುಲಭಕ್ಕೆ ಮರೆಯಲಾರರು. ಸಿನಿಮಾ ಮುಗಿಯುವುದು ಇನ್ನೊಬ್ಬ ಹುಡುಗಿಯ ಚಪ್ಪಲಿ ಕಿತ್ತುಹೋಗುವುದರಿಂದ.

ನೀತಾ ಮತ್ತು ಕವಿತಾ ಅಕ್ಕ ತಂಗಿಯರಂತೆ ಕಾಣುತ್ತಾರೆ ಅಂತ ಸಿನಿಮಾ ಬಲ್ಲವರು ಬಹಳ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ, ಇಲ್ಲ ಅನ್ನಲಾಗದು. ಆದರೆ ನೀತಾ ಮಾತಾಡುವುದಿಲ್ಲ, ಕವಿತಾ ಬೈಯುತ್ತಾಳೆ. ಕುಡಿದು ಬಂದ ಅಣ್ಣನಿಗೂ ಬೈಗುಳ ತಪ್ಪಿದ್ದಲ್ಲ, ಅಮ್ಮನಿಗೂ ತಪ್ಪಿದ್ದಲ್ಲ. ತಾನು ತಂದುಹಾಕುತ್ತಿದ್ದೇನೆ ಅನ್ನುವುದನ್ನು ಅವಳು ಮುಚ್ಚಿಡುವುದಿಲ್ಲ. ಮನೆಯವರಿಗೆ ಅವಳ ದುಡ್ಡು ಬೇಕು, ಆ ನಾಲಿಗೆ ಬೇಡ. ‘ದೈವಂ ತಂದ ವೀಡು’ ಅಂತ ಯೇಸುದಾಸ್ ಹಾಡಿದ ಹಾಡು ಕೇಳಿದ್ದೀರಲ್ಲ. ಕಣ್ಣದಾಸನ್ ಸಾಹಿತ್ಯ, ಎಂ. ಎಸ್. ವಿಶ್ವನಾಥನ್ ಸಂಗೀತ. ದೇವರು ಕೊಟ್ಟ ಮನೆಯಾಗಿ ಬೀದಿ ಇದೆಯಲ್ಲ ಅಂತ ಶುರುವಾಗುವ ಹಾಡು. ಅದು ಬರುವುದು ಕೂತು ತಿನ್ನುವ ಅಣ್ಣನ ಬಾಯಲ್ಲಿ. ವೇದಾಂತ ಹೇಳಲು ಪುರುಸೊತ್ತು ಇರುವುದು ಅವನಿಗೇ ತಾನೆ? ಅವಳಿಗೆ ಬೆಳಿಗ್ಗೆ ಆಫೀಸು.

ಬಾಲಚಂದರ್‌ಗೆ ಆಫೀಸು ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಆಗಿನ ತಂಜಾವೂರು ಜಿಲ್ಲೆಯ ನನ್ನಿಲಂ ಕಡೆಯವರು. ಸಿನಿಮಾಗೆ ಬರುವ ಮೊದಲು ಮದ್ರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ವರ್ಷಗಟ್ಟಲೆ ಗುಮಾಸ್ತರಾಗಿ ದುಡಿದವರು. ಸಂಜೆ ನಾಟಕ, ಹಗಲು ಲೆಕ್ಕಪತ್ರ. ಇಡೀ ರಾಜ್ಯದ ಖರ್ಚಿನ ಲೆಕ್ಕ ನೋಡುವ ಕಚೇರಿಯಿಂದ ಬಂದವರು ಒಂದು ಮನೆಯ ಖರ್ಚಿನ ಲೆಕ್ಕ ಬರೆದರು ಅನ್ನಬಹುದು. ಇದಕ್ಕೆ ಒಂದು ವರ್ಷ ಮೊದಲು, 1973ರಲ್ಲಿ, ‘ಅರಂಗೇಟ್ರಂ’ ಮಾಡಿ ಬೈಸಿಕೊಂಡಿದ್ದರು. ಅದರಲ್ಲಿ ಬಡ ಪುರೋಹಿತನ ಮನೆ, ಮನೆತುಂಬ ಮಕ್ಕಳು. ದೊಡ್ಡ ಮಗಳು ತಮ್ಮ ತಂಗಿಯರಿಗಾಗಿ ದುಡಿಯಲು ಹೊರಟವಳು ಮೈ ಮಾರಿಕೊಳ್ಳುವ ಹಂತಕ್ಕೆ ಬರುತ್ತಾಳೆ. ಅವಳ ದುಡ್ಡಿನಿಂದ ದಡ ಸೇರಿದವರೇ ಕೊನೆಗೆ ಅವಳನ್ನು ಹೊರಗಿಡುತ್ತಾರೆ. ಗೋಡೆ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇದ್ದ ಕಾಲ ಅದು. ‘ಅರಂಗೇಟ್ರಂ’ ನೋಡಿದ ಜನ ಗಲಾಟೆ ಮಾಡಿದರು. ಮರುವರ್ಷ ಕವಿತಾ ಬಂದಾಗ ಒಪ್ಪಿಕೊಂಡರು. ಕವಿತಾ ಆಫೀಸಿಗೆ ಹೋಗುತ್ತಾಳಲ್ಲ, ಹಾಗಾಗಿ ಮರ್ಯಾದೆಗೆ ತೊಂದರೆ ಇರಲಿಲ್ಲ.

ಅದೇ ವರ್ಷ ಯಾಕೆ ಅಂತ ಕೇಳಿದರೆ ಸುತ್ತಮುತ್ತ ನೋಡಬೇಕು. 1974ರ ಮೇ ತಿಂಗಳಲ್ಲಿ ದೇಶದುದ್ದಕ್ಕೂ ರೈಲ್ವೆ ಮುಷ್ಕರ ಆಗಿತ್ತು. ಬೆಲೆ ಏರಿದ್ದು ಹೇಗೆಂದರೆ ಒಂದು ಸಂಬಳದಲ್ಲಿ ಮನೆ ನಡೆಯುವುದು ಕಷ್ಟವಾಗಿತ್ತು. ಓದಿದ ಗಂಡುಮಕ್ಕಳು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ ಕಾಯುತ್ತಿದ್ದರು. ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗು, ಶಾರ್ಟ್‌ಹ್ಯಾಂಡ್ ಕಲಿತು ಟೈಪಿಸ್ಟು, ಟೆಲಿಫೋನ್ ಆಪರೇಟರು, ಟೀಚರು, ನರ್ಸು ಆಗುತ್ತಿದ್ದರು. ಅದೇ ಡಿಸೆಂಬರಿನ ಕೊನೆಗೆ ಭಾರತದಲ್ಲಿ ಹೆಂಗಸರ ಸ್ಥಿತಿಗತಿ ಕುರಿತ ಸಮಿತಿ ತನ್ನ ದೊಡ್ಡ ವರದಿ ಸಿದ್ಧಪಡಿಸಿ ಕೊಟ್ಟಿತು. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಹೆಂಗಸರ ಸ್ಥಿತಿ ಕೆಲವು ವಿಷಯದಲ್ಲಿ ಹಿಂದಕ್ಕೆ ಹೋಗಿದೆ ಅಂತ ಅದು ಅಂಕಿ ಅಂಶ ಇಟ್ಟು ಹೇಳಿತು. ವರದಿ ಓದಿದವರು ಎಷ್ಟು ಮಂದಿಯೋ. ಕವಿತಾಳನ್ನು ನೋಡಲು ಮಾತ್ರ ಜನ ಟಿಕೆಟ್ ತೆಗೆದುಕೊಂಡು ಬಂದರು.

ಆಮೇಲೆ ಈ ಧಾರಾವಾಹಿ ಭಾಷೆಯಿಂದ ಭಾಷೆಗೆ ಹೊರಟಿತು. 1976ರಲ್ಲಿ ತೆಲುಗಿನಲ್ಲಿ ‘ಅಂತುಲೇನಿ ಕಥ’. ಬಾಲಚಂದರ್ ಅವರದೇ ನಿರ್ದೇಶನ, ಆಗಿನ್ನೂ ತೀರಾ ಎಳೆಯ ಹುಡುಗಿಯಾಗಿದ್ದ ಜಯಪ್ರದಾ ನಾಯಕಿ. ಕುಡುಕ ಅಣ್ಣ ರಜನೀಕಾಂತ್. 1977ರಲ್ಲಿ ಬಂಗಾಳಿಯಲ್ಲಿ ‘ಕವಿತಾ’, ಮಾಲಾ ಸಿನ್ಹಾ. ನೀತಾಳ ಊರಿಗೇ ಮದ್ರಾಸಿನಿಂದ ಅವಳ ತಂಗಿ ಹೋದ ಹಾಗಾಯಿತು. ತಮಿಳಿನಲ್ಲಿ ಸಣ್ಣ ವಯಸ್ಸಿನ ಕಮಲ್ ಹಾಸನ್ ಒಂದು ಪಾತ್ರ ಮಾಡಿದ್ದರು, ಬಂಗಾಳಿಗೂ ಅವರೇ ಹೋದರು. 1982ರಲ್ಲಿ ಹಿಂದಿಯಲ್ಲಿ ‘ಜೀವನ್ ಧಾರಾ’, ರೇಖಾ. 1983ರಲ್ಲಿ ಕನ್ನಡದಲ್ಲಿ ‘ಬೆಂಕಿಯಲ್ಲಿ ಅರಳಿದ ಹೂವು’, ಸುಹಾಸಿನಿ. ಮತ್ತೆ ಬಾಲಚಂದರ್ ಅವರದೇ ನಿರ್ದೇಶನ.

ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಮಾಷೆ ಇದೆ. ತಮಿಳಿನಲ್ಲಿ ಅವಳು ಧಾರಾವಾಹಿ. ತೆಲುಗಿನಲ್ಲಿ ಕೊನೆಯಿಲ್ಲದ ಕಥೆ. ಎರಡರಲ್ಲೂ ಒಂದು ಸುಸ್ತು ಇದೆ, ‘ಇದು ಮುಗಿಯಲ್ವಾ?’ ಅನ್ನುವ ದನಿ ಇದೆ. ಹಿಂದಿಗೆ ಬಂದಾಗ ಅವಳು ಬದುಕಿನ ಹರಿವು ಆದಳು. ಕನ್ನಡದಲ್ಲಿ ಬೆಂಕಿಯಲ್ಲಿ ಅರಳಿದ ಹೂವು. ನಮ್ಮ ಹೆಸರು ಚೆನ್ನಾಗಿದೆ, ನಾಲಿಗೆ ಮೇಲೆ ನಿಲ್ಲುತ್ತದೆ. ಆದರೆ ಬೆಂಕಿ ಹಚ್ಚಿದವರು ಯಾರು ಅಂತ ಅದು ಕೇಳುವುದಿಲ್ಲ. ಬೆಂಕಿಯಲ್ಲೂ ಅರಳಿದಳಲ್ಲ ಅಂತ ಮೆಚ್ಚಿಕೊಳ್ಳುತ್ತದೆ. ಹೊಗಳಿಕೆ ಹೀಗೆ ಬಂದರೆ ನಂಗೆ ಸ್ವಲ್ಪ ಅನುಮಾನ.

ಕನ್ನಡದ ಸುಹಾಸಿನಿ ಆ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಬಸ್ಸಿನೊಳಗೆ ಕಂಡಕ್ಟರ್ ಆಗಿ ಕಮಲ್ ಹಾಸನ್ ‘ಮುಂದೆ ಬನ್ನಿ’ ಅಂತ ಹಾಡಿಕೊಂಡು ಬಂದು ಹೋಗುವ ಹಾಡು ಇವತ್ತಿಗೂ ಜನಕ್ಕೆ ಇಷ್ಟ. ಅದಕ್ಕಿಂತ ಜಾಸ್ತಿ ಉಳಿದದ್ದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ತಾಳಿ ಕಟ್ಟುವ ಶುಭವೇಳೆ’. ತಮಿಳಿನ ‘ಕಡವುಳ್ ಅಮೈತ್ತು ವೈತ್ತ ಮೇಡೈ’ಯ ಕನ್ನಡ ರೂಪ. ಮದುವೆ ವಿಡಿಯೋಗಳಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. ಹುಡುಗ ಹುಡುಗಿ ಹಾರ ಬದಲಾಯಿಸುವಾಗ ಹಿಂದಿನಿಂದ ಆ ಹಾಡು. ನಾಯಕಿಗೆ ಕೊನೆವರೆಗೂ ಮದುವೆಯೇ ಆಗದ ಸಿನಿಮಾದ ಹಾಡು ಅದು ಅಂತ ವಿಡಿಯೋ ಅಂಗಡಿಯವರಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ಆ ಸಿನಿಮಾವನ್ನು ನಾನು ಮೊದಲು ನೋಡಿದ್ದು ದೊಡ್ಡಮ್ಮನ ಜತೆ. ಅವರು ಅಮ್ಮನ ಸ್ವಂತ ಅಕ್ಕ ಅಲ್ಲ, ಅಜ್ಜಿಯ ತಂಗಿಯ ಮಗಳು. ಒಂದು ಜಿಲ್ಲಾ ಕೇಂದ್ರದ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಮದುವೆ ಆಗಿರಲಿಲ್ಲ. ಒಂದನೇ ತಾರೀಕು ಸಂಜೆ ಅವರು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನೋಟುಗಳನ್ನು ಹಂಚುತ್ತಿದ್ದುದು ನಂಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಡಿಗೆಗೆ ಒಂದು ಕಟ್ಟು. ಹಾಲಿನವರಿಗೆ, ದಿನಸಿ ಅಂಗಡಿಗೆ, ಚೀಟಿಗೆ, ತಮ್ಮನ ಫೀಸಿಗೆ ಒಂದೊಂದು. ಕೊನೆಗೆ ಉಳಿದ ಚಿಲ್ಲರೆಯನ್ನು ಸಣ್ಣ ಪರ್ಸಿಗೆ ಹಾಕಿಕೊಳ್ಳುತ್ತಿದ್ದರು. ಅದು ಅವರ ಬಸ್ಸಿಗೆ. ಸಿನಿಮಾ ಮುಗಿದ ಮೇಲೆ ನಮಗೆಲ್ಲ ಕಡಲೆಕಾಯಿ ಕೊಡಿಸಿದರು. ಪಕ್ಕದಲ್ಲಿದ್ದ ಅಮ್ಮ ಇನ್ನೂ ಅಳುತ್ತಿದ್ದರು. ದೊಡ್ಡಮ್ಮ ಅಳಲಿಲ್ಲ. ‘ಅಷ್ಟೊಂದು ಬೈತಾಳಲ್ಲೇ ಅವ್ಳು. ನಂಗೆ ಬೈಯೋಕೇ ಬರ್ಲಿಲ್ಲ ನೋಡು’ ಅಂದರು. ಆಗ ಅದು ತಮಾಷೆ ಅಂದುಕೊಂಡು ನಕ್ಕಿದ್ದೆವು.

ಇಂಥ ದೊಡ್ಡಮ್ಮ ಒಬ್ಬರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಬಿಡಿಭಾಗ ಜೋಡಿಸುತ್ತಿದ್ದವರಲ್ಲಿ ಎಷ್ಟೋ ಮಂದಿ ಹೆಣ್ಣುಮಕ್ಕಳು. ಯಾರದೋ ತಂಗಿಯ ಮದುವೆ, ಯಾರದೋ ತಮ್ಮನ ಡಿಪ್ಲೊಮಾ ಆ ಕೈಗಳಿಂದ ಆಗಿದೆ.

ಈಗ ಕಾನೂನಿನ ಕಡೆ ಬರೋಣ. ಕವಿತಾಳ ಮೇಲೆ ಇಷ್ಟು ಭಾರ ಹಾಕಿದ್ದು ಯಾರು? ಕಾನೂನಂತೂ ಅಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಹೊಣೆ ಮಗನಿಗೂ ಉಂಟು, ಮಗಳಿಗೂ ಉಂಟು. ಅಣ್ಣ, ಅತ್ತಿಗೆ, ಅವರ ಮಕ್ಕಳನ್ನು ಸಾಕು ಅಂತ ಅದು ಎಲ್ಲೂ ಹೇಳುವುದಿಲ್ಲ. ಮದುವೆಯಾಗದ ಮಗಳಿಗೆ ತನ್ನ ಹೊಟ್ಟೆ ಹೊರೆದುಕೊಳ್ಳಲು ಆಗದಿದ್ದರೆ ಅವಳನ್ನು ನೋಡಿಕೊಳ್ಳಬೇಕಾದವರು ಹೆತ್ತವರು. ಅಂದರೆ ಹೊಣೆ ಬಿಟ್ಟು ಓಡಿಹೋದವನು ಆ ಅಪ್ಪ. ಅವನು ದೇವರ ಹೆಸರು ಹೇಳಿಕೊಂಡು ಹೋದ, ಹಾಗಾಗಿ ಯಾರೂ ಜೋರಾಗಿ ಕೇಳಲಿಲ್ಲ.

ಹೊಣೆ 1956ರಲ್ಲೇ ಬಂತು, ಪಾಲು ಬಂತೇ? ಅಪ್ಪ ತಾನೇ ಸಂಪಾದಿಸಿದ ಆಸ್ತಿಯಲ್ಲಿ, ಅವನು ಉಯಿಲು ಬರೆಯದೆ ಸತ್ತರೆ, ಮಗಳಿಗೂ ಪಾಲು ಅದೇ ವರ್ಷ ಸಿಕ್ಕಿತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಹಕ್ಕು ಮಗಳಿಗೆ ಇರಲಿಲ್ಲ. ತಮಿಳುನಾಡು ಅದನ್ನು 1989ರಲ್ಲಿ ಕೊಟ್ಟಿತು. ಕರ್ನಾಟಕ 1994ರಲ್ಲಿ. ಎರಡೂ ಕಡೆ ಒಂದು ಷರತ್ತು: ಆ ತಾರೀಕಿಗೆ ಮೊದಲೇ ಮದುವೆಯಾಗಿ ಹೋದವರಿಗೆ ಇಲ್ಲ. ಇಡೀ ದೇಶಕ್ಕೆ, ಈ ಷರತ್ತಿಲ್ಲದೆ, ಬಂದದ್ದು 2005ರಲ್ಲಿ. ಅದರ ಅರ್ಥವೇನು ಅನ್ನುವ ಗೊಂದಲವನ್ನು ಸುಪ್ರೀಂ ಕೋರ್ಟ್ ಬಗೆಹರಿಸುವ ಹೊತ್ತಿಗೆ 2020 ಆಗಿತ್ತು. ಅಷ್ಟರಲ್ಲಿ ಕವಿತಾಳಂಥವರು ನಿವೃತ್ತರಾಗಿ ಪಿಂಚಣಿ ತೆಗೆದುಕೊಳ್ಳುತ್ತಿದ್ದರು.

ಇದಕ್ಕಿಂತ ಕುತೂಹಲದ್ದು 1987ರ ಒಂದು ತೀರ್ಪು. ಮದುವೆಯಾದ ಮಗಳು ಅಪ್ಪನಿಗೆ ಜೀವನಾಂಶ ಕೊಡಬೇಕೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ಮಹಾರಾಷ್ಟ್ರದ ಪ್ರಕರಣ. ಮಗಳಿಗೆ ಸ್ವಂತ ಆದಾಯವಿದ್ದು ಅಪ್ಪನಿಗೆ ಗತಿ ಇಲ್ಲದಿದ್ದರೆ ಕೊಡಬೇಕು ಅಂತ ಕೋರ್ಟ್ ಹೇಳಿತು. ಮದುವೆಯಾದ ಮಾತ್ರಕ್ಕೆ ಅವಳು ಅಪ್ಪನಿಗೆ ಮಗಳಲ್ಲ ಅಂತ ಆಗುವುದಿಲ್ಲ. ಕೇಳಲು ಸಾಮಾನ್ಯ ಮಾತು. ಆದರೆ ಕವಿತಾಳ ಕಥೆಯ ಬುಡವನ್ನೇ ಅಲ್ಲಾಡಿಸುವ ಮಾತು. ಹೆಣ್ಣು ಮದುವೆಯಾದರೆ ಅವಳ ಸಂಬಳವೂ ಮನೆ ದಾಟುತ್ತದೆ ಅನ್ನುವುದನ್ನು ಎಲ್ಲರೂ ಒಪ್ಪಿಕೊಂಡಿದ್ದರಿಂದಲೇ ಅಲ್ವಾ ಅವಳು ಅಣ್ಣ ಸರಿಹೋಗುವವರೆಗೆ ಕಾದದ್ದು? ಮದುವೆಯಾಗಿಯೂ ತವರಿಗೆ ದುಡ್ಡು ಕೊಡುತ್ತೇನೆ ಅನ್ನುವ ಮಾತು ನಡೆಯುವಂತಿದ್ದರೆ ಧಾರಾವಾಹಿ ನಾಲ್ಕನೇ ಕಂತಿಗೆ ಮುಗಿಯುತ್ತಿತ್ತು. ಬಾಲಚಂದರ್ ಆ ಬಾಗಿಲು ತೆರೆಯಲಿಲ್ಲ. 1974ರ ನೋಡುಗರಿಗೂ ಅಲ್ಲೊಂದು ಬಾಗಿಲು ಇದೆ ಅಂತ ಅನ್ನಿಸಿರಲಿಕ್ಕಿಲ್ಲ.

ಸುಮ್ನೆ ಹಳೇ ಕಾಲದ ಯೋಚನೆ ಅಂತ ನಗಬೇಡಿ. ನಮ್ಮ ಕರ್ನಾಟಕ ಸರ್ಕಾರದ ಅನುಕಂಪದ ನೇಮಕಾತಿ ನಿಯಮ 1996ರದ್ದು. ನೌಕರಿಯಲ್ಲಿದ್ದಾಗಲೇ ಅಪ್ಪ ಅಥವಾ ಅಮ್ಮ ತೀರಿಕೊಂಡರೆ ಮನೆಯ ಒಬ್ಬರಿಗೆ ಕೆಲಸ ಕೊಡುವ ನಿಯಮ. ಗಂಡುಮಗನಾದರೆ ಮದುವೆ ಆಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ಮಗಳಾದರೆ ‘ಅವಿವಾಹಿತ’ಳಾಗಿರಬೇಕು. ಕಾರಣ ಕವಿತಾಳ ಮನೆಯದ್ದೇ: ಮದುವೆಯಾದವಳ ಸಂಬಳ ಬೇರೆ ಮನೆಗೆ ಹೋಗುತ್ತದೆ, ಸತ್ತವರ ಸಂಸಾರಕ್ಕೆ ಸಿಗುವುದಿಲ್ಲ. 2020ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ‘ಅವಿವಾಹಿತ’ ಅನ್ನುವ ಪದವನ್ನು ತೆಗೆದುಹಾಕಿತು. ಸಿನಿಮಾ ಬಂದು 46 ವರ್ಷ ಆಗಿತ್ತು. ಅಷ್ಟು ಕಾಲ ಮದುವೆಯಾಗದ ಮಗಳು ಮಾತ್ರ ಮನೆ ಕಾಯುತ್ತಾಳೆ ಅನ್ನುವುದು ತೆರೆಯ ಮೇಲೂ ಇತ್ತು, ನಿಯಮದ ಪುಸ್ತಕದಲ್ಲೂ ಇತ್ತು.

ತಮಿಳುನಾಡಿನಲ್ಲಿ ಇದು ಇನ್ನೊಂದು ರೂಪ ತಾಳಿತು. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡುಗಲ್ ಕಡೆಯ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ ತಿಟ್ಟಂ’ ಅಂತ ಒಂದು ಪದ್ಧತಿ ಬಂತು. ಬಡವರ ಮನೆಯ ಹದಿಹರೆಯದ ಹುಡುಗಿಯರು ಗಿರಣಿಯ ಹಾಸ್ಟೆಲಿನಲ್ಲೇ ಇದ್ದುಕೊಂಡು ಸಾಮಾನ್ಯವಾಗಿ ಮೂರು ವರ್ಷ ದುಡಿಯಬೇಕು. ಅವಧಿ ಮುಗಿದ ಮೇಲೆ ಒಂದು ಇಡುಗಂಟು. ಅದು ಮದುವೆಗೆ, ಅಂದರೆ ವರದಕ್ಷಿಣೆಗೆ. ಹೆಸರು ನೋಡಿ, ಸುಮಂಗಲಿ. ನಡುವೆ ಕಾಯಿಲೆಯಾಗಿ ಬಿಟ್ಟು ಬಂದರೆ ಇಡುಗಂಟು ಕೈಗೆ ಸಿಗುವುದೇ ಕಷ್ಟ. ಹಾಸ್ಟೆಲಿನಿಂದ ಹೊರಗೆ ಕಾಲಿಡಲೂ ಅಪ್ಪಣೆ ಬೇಕು. ಇದು ಜೀತ ಅಂತ ಕಾರ್ಮಿಕ ಸಂಘಟನೆಗಳು ವರ್ಷಗಟ್ಟಲೆ ಕೂಗಿದವು. ಕವಿತಾಗೆ ದುಡಿಮೆ ಇದ್ದುದರಿಂದ ಮದುವೆ ಆಗಲಿಲ್ಲ. ಇವರಿಗೆ ಮದುವೆ ಆಗಬೇಕಾದರೆ ದುಡಿಯಲೇಬೇಕು. ಎರಡು ಕಡೆಯೂ ದುಡ್ಡು ಕೈಗೆ ಬಂದು ಇನ್ಯಾರದೋ ಕೈಗೆ ಹೋಗುತ್ತದೆ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಒಂದು ಘಟನೆ ಹೇಳದೆ ಇರಲಾರೆ. 2016ರ ಏಪ್ರಿಲ್. ಪಿಎಫ್‌ನಲ್ಲಿ ಕಂಪನಿ ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಯಾವ ದೊಡ್ಡ ನಾಯಕರೂ ಕರೆಯದೆ ಸಾವಿರಾರು ಹೆಂಗಸರು ಹೊಲಿಗೆ ಮಷೀನ್ ಬಿಟ್ಟು ಎದ್ದು ರಸ್ತೆಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು. ಎರಡು ದಿನಕ್ಕೆ ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಪೇಟೆಯ ಮಂದಿಗೆ ಆಶ್ಚರ್ಯ, ಪಿಎಫ್‌ಗೆ ಇಷ್ಟು ಸಿಟ್ಟಾ ಅಂತ. ಅವರಿಗೆ ಆ ದುಡ್ಡು ಮುಪ್ಪಿನ ಕಾಲದ್ದಲ್ಲ. ತಂಗಿಯ ಮದುವೆ, ಮಗಳ ಫೀಸು, ಅಮ್ಮನ ಆಪರೇಷನ್, ಊರಿನ ಸಾಲ, ಎಲ್ಲವೂ ಅದರ ಮೇಲೆ ಬರೆದಾಗಿತ್ತು. ಕೆಲಸ ಬಿಟ್ಟಾಗ ಒಟ್ಟಿಗೆ ಕೈಗೆ ಬರುವ ದುಡ್ಡು ಅದೊಂದೇ. ಅವತ್ತು ಅವರ ಮುಖದಲ್ಲಿ ಇದ್ದದ್ದು ಸುಜಾತಾಳ ಮುಖದ ಮೇಲಿದ್ದದ್ದೇ ಅಂತ ನಂಗೆ ಟಿವಿ ನೋಡುವಾಗ ಅನ್ನಿಸಿತ್ತು. ಒಂದೇ ವ್ಯತ್ಯಾಸ, ಕವಿತಾ ಮನೆಯವರಿಗೆ ಬೈದಿದ್ದಳು. ಇವರು ಬೈದದ್ದು ಹೊರಗೆ ಬಂದು.

ಬಾಲಚಂದರ್ ಆ ಹೆಣ್ಣನ್ನು ಬಿಡಲಿಲ್ಲ. 1987ರಲ್ಲಿ ‘ಮನದಿಲ್ ಉರುದಿ ವೇಂಡುಂ’ ಮಾಡಿದರು. ಮತ್ತೆ ಸುಹಾಸಿನಿ, ಈ ಸಲ ನರ್ಸ್. ಮತ್ತೆ ಮನೆ ತುಂಬ ತಮ್ಮ ತಂಗಿಯರು. ಅಲ್ಲಿಗೆ ಬರುವಷ್ಟರಲ್ಲಿ ಟಿವಿ ಮನೆಮನೆಗೆ ಬರುತ್ತಿತ್ತು. ನಿಜವಾದ ಧಾರಾವಾಹಿಗಳು ಶುರುವಾಗುವುದರಲ್ಲಿದ್ದವು. ಇಲ್ಲಿಂದ ಮುಂದೆ ತಮಿಳಿನಲ್ಲೂ ಕನ್ನಡದಲ್ಲೂ ದುಡಿಯುವ ಅಕ್ಕ ದಿನಾ ಸಂಜೆ ಅರ್ಧ ಗಂಟೆ ಮನೆಗೇ ಬಂದು ಅಳತೊಡಗಿದಳು. ಅವುಗಳಲ್ಲಿ ಬೈಗುಳ ಕಡಿಮೆ, ಗ್ಲಿಸರಿನ್ ಜಾಸ್ತಿ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಸುಜಾತಾ 2011ರಲ್ಲಿ ತೀರಿಕೊಂಡರು, ಬಾಲಚಂದರ್ 2014ರಲ್ಲಿ. ದೊಡ್ಡಮ್ಮ ಇದ್ದಾರೆ. ಎಂಬತ್ತರ ಹತ್ತಿರ. ಹೋದ ವರ್ಷ ಅವರ ಜತೆ ಬ್ಯಾಂಕಿಗೆ ಹೋಗಿದ್ದೆ, ಠೇವಣಿ ನವೀಕರಿಸಬೇಕಿತ್ತು. ಕೌಂಟರಿನ ಹುಡುಗಿ ಫಾರಂ ಮುಂದಿಟ್ಟು, ನಾಮಿನಿ ಯಾರು ಅಂತ ಕೇಳಿದಳು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ತಮ್ಮನ ಮಗಳ ಹೆಸರು ಹೇಳಿದರು. ಸಂಬಂಧ ಅಂತ ಒಂದು ಖಾನೆ ಇತ್ತು. ಹುಡುಗಿ ಅಲ್ಲಿ ಪೆನ್ನು ಇಟ್ಟು ಕಾದಳು. ‘ಸೋದರ ಸೊಸೆ ಅಂತ ಬರಿಯಮ್ಮ’ ಅಂದರು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿ, ‘ಅವ್ಳಿಗೂ ಮದ್ವೆ ಮುಂದಕ್ಕೆ ಹೋಗ್ತಿದೆ ಕಣೋ. ಮನೆ ಲೋನ್ ಅವಳ ಹೆಸ್ರಲ್ಲೇ ಇದೆಯಂತೆ’ ಅಂದರು.